ಹಳೆ ಅಕ್ವೇರಿಯಂ ಫಿಲ್ಟರ್: ರಿಪೇರಿ ಮಾಡೋದಾ, ಹೊಸದು ತರೋದಾ?

ಫಿಲ್ಟರ್ ಸದ್ದು ಮಾಡುತ್ತಿದೆ, ನೀರು ಸಣ್ಣಗೆ ಬೀಳುತ್ತಿದೆ ಅಂದ ಕೂಡಲೇ ಅಂಗಡಿಗೆ ಹೋಗಿ ಹೊಸದು ತರುವವರೇ ಜಾಸ್ತಿ. ಹಳೆಯದು ಸ್ಪಾಂಜ್ ಸಮೇತ ಕಸಕ್ಕೆ ಹೋಗುತ್ತದೆ. ಹೊಸದು ಜೋರಾಗಿ ನೀರು ಸುರಿಸುತ್ತದೆ, ಟ್ಯಾಂಕ್ ತಿಳಿಯಾಗಿಯೇ ಕಾಣುತ್ತದೆ, ಆದರೂ ಕೆಲವೇ ದಿನಗಳಲ್ಲಿ ಮೀನುಗಳು ಮೇಲೆ ಬಂದು ಬಾಯಿ ತೆರೆಯಲು ಶುರು ಮಾಡುತ್ತವೆ. ಆಮೇಲೆ ಒಂದೊಂದಾಗಿ ಸಾಯುತ್ತವೆ. ಜನ ಬೈಯುವುದು ಹೊಸ ಫಿಲ್ಟರನ್ನು. ತಪ್ಪು ಅದರದ್ದಲ್ಲ.

ಫಿಲ್ಟರ್ ಅಂದರೆ ಎರಡು ವಸ್ತು. ಒಂದು ಮೋಟರ್, ನೀರು ತಳ್ಳುವುದಷ್ಟೇ ಅದರ ಕೆಲಸ. ಇನ್ನೊಂದು ಸ್ಪಾಂಜ್ ಮತ್ತು ಸೆರಾಮಿಕ್ ರಿಂಗ್‌ಗಳ ಮೇಲೆ ವಾರಗಟ್ಟಲೆ ಬೆಳೆದು ಕೂತ ಬ್ಯಾಕ್ಟೀರಿಯಾ. ಮೀನಿನ ಹೊಲಸಿನಿಂದ ಬರುವ ಅಮೋನಿಯಾವನ್ನು ಇವು ಮೊದಲು ನೈಟ್ರೈಟ್ ಮಾಡುತ್ತವೆ, ಆಮೇಲೆ ನೈಟ್ರೇಟ್ ಮಾಡುತ್ತವೆ. ಮೊದಲ ಎರಡೂ ಮೀನಿಗೆ ವಿಷ. ಮೂರನೆಯದು ಅಷ್ಟೇನೂ ಅಪಾಯವಲ್ಲ, ನೀರು ಬದಲಿಸಿದರೆ ಹೋಗುತ್ತದೆ. ಮೋಟರ್ ಒಂದು ಮಧ್ಯಾಹ್ನದಲ್ಲಿ ಸಿಗುತ್ತದೆ, ಈ ಬ್ಯಾಕ್ಟೀರಿಯಾ ಹೊಸದಾಗಿ ಬೆಳೆಯಲು ನಾಲ್ಕರಿಂದ ಆರು ವಾರ ಬೇಕು. ಹಾಗಾಗಿ ರಿಪೇರಿಯೋ ಹೊಸದೋ ಅನ್ನೋದಕ್ಕಿಂತ ಮೊದಲು ಕೇಳಿಕೊಳ್ಳಬೇಕಾದದ್ದು, ಸ್ಪಾಂಜ್ ಮತ್ತು ರಿಂಗ್‌ಗಳನ್ನು ಅಷ್ಟು ಹೊತ್ತು ಹೇಗೆ ಬದುಕಿಸಿ ಇಡೋದು ಅಂತ.

ಕೈ ಹಾಕುವ ಮುಂಚೆ

ಟ್ಯಾಂಕಿಗೆ ಸೇರಿದ ಎಲ್ಲ ಪ್ಲಗ್‌ಗಳನ್ನೂ ಕಿತ್ತಿಡಿ. ಸ್ವಿಚ್ ಆಫ್ ಮಾಡಿದರೆ ಸಾಲದು. ಫಿಲ್ಟರ್, ಹೀಟರ್, ಲೈಟ್, ಏರ್ ಪಂಪ್ ಎಲ್ಲವೂ. ನಮ್ಮ ಅಂಗಡಿಗಳಲ್ಲಿ ಸಿಗುವ ಎಷ್ಟೋ ಪಂಪುಗಳಿಗೆ ಎರಡು ಪಿನ್ನಿನ ಪ್ಲಗ್ ಇರುತ್ತದೆ, ಅರ್ಥಿಂಗ್ ಇರುವುದಿಲ್ಲ. ಒಳಗೆ ಎಲ್ಲಾದರೂ ಲೀಕೇಜ್ ಇದ್ದರೆ ಕರೆಂಟ್ ನೇರ ನೀರಿಗೆ, ಅಲ್ಲಿಂದ ನಿಮ್ಮ ಕೈಗೆ. ಮನೆಯಲ್ಲಿ 30 ಮಿಲಿಆಂಪಿನ ಆರ್‌ಸಿಸಿಬಿ (ಕರೆಂಟ್ ಲೀಕ್ ಆದ ಕೂಡಲೇ ತಾನಾಗಿ ಆಫ್ ಆಗುವ ಸ್ವಿಚ್) ಹಾಕಿಸಿಲ್ಲದಿದ್ದರೆ ಹೊಸ ಫಿಲ್ಟರಿಗೂ ಮುಂಚೆ ಅದನ್ನು ಹಾಕಿಸಿ. ವೈರ್ ಪ್ಲಗ್ಗಿಗೆ ಹೋಗುವ ಮೊದಲು ಒಂದು ಸಲ ಕೆಳಗೆ ಜೋತು ಬಿದ್ದು ಮೇಲೇರುವ ಹಾಗಿರಲಿ. ವೈರ್ ಹಿಡಿದು ಇಳಿಯುವ ನೀರು ಆ ತಗ್ಗಿನಲ್ಲೇ ತೊಟ್ಟಿಕ್ಕಿ ಬೀಳುತ್ತದೆ, ಸಾಕೆಟ್ಟಿಗೆ ಹೋಗುವುದಿಲ್ಲ.

ಒಂದು ಬಕೆಟ್ಟಿನಲ್ಲಿ ಟ್ಯಾಂಕಿನದೇ ನೀರು ತೆಗೆದಿಟ್ಟುಕೊಳ್ಳಿ. ಸ್ಪಾಂಜ್, ರಿಂಗ್ ಎಲ್ಲ ಅದರಲ್ಲಿ ಮುಳುಗಿರಲಿ. ಕೆಲಸ ಅರ್ಧ ಗಂಟೆಗಿಂತ ಜಾಸ್ತಿ ಹಿಡಿಯುವ ಹಾಗಿದ್ದರೆ ಆ ಬಕೆಟ್ಟಿಗೆ ಒಂದು ಏರ್ ಸ್ಟೋನ್ (ಗಾಳಿಗುಳ್ಳೆ ಬಿಡುವ ಕಲ್ಲು) ಬಿಡಿ.

ನೀರಿನ ರಭಸ ಕಡಿಮೆಯಾಗಿದೆ

ಜನ ಹೆಚ್ಚು ಹೇಳುವ ದೂರು ಇದೇ. ಬಹುಪಾಲು ಸಲ ಒಂದು ರೂಪಾಯಿ ಖರ್ಚಿಲ್ಲದೆ ಸರಿಹೋಗುತ್ತದೆ.

ಮೊದಲು ಟ್ಯಾಂಕಿನ ನೀರಿನ ಮಟ್ಟ ನೋಡಿ. ಬೇಸಿಗೆಯಲ್ಲಿ ಆವಿಯಾಗಿ ಎರಡು ಇಂಚು ಇಳಿದಿದ್ದರೂ ಗೊತ್ತಾಗುವುದಿಲ್ಲ, ಪಂಪ್ ನೀರಿನ ಜೊತೆ ಗಾಳಿಯನ್ನೂ ಎಳೆಯುತ್ತಿರುತ್ತದೆ. ನೀರು ತುಂಬಿಸಿ, ಅಷ್ಟೇ. ಆಮೇಲೆ ನೀರು ಒಳಗೆ ಹೋಗುವ ಜಾಲರಿ: ಎಲೆ, ಬಸವನಹುಳು, ಸಣ್ಣ ಕಲ್ಲು ಸಿಕ್ಕಿಕೊಂಡಿರಬಹುದು. ಅದೂ ಸರಿಯಿದ್ದರೆ ಸ್ಪಾಂಜ್ ಮತ್ತು ಕೊಳೆ ಸೋಸುವ ಬಿಳಿ ಉಣ್ಣೆ (ಫಿಲ್ಟರ್ ವೂಲ್). ಉಣ್ಣೆ ಕಂದು ಬಣ್ಣಕ್ಕೆ ತಿರುಗಿ ಗಟ್ಟಿಯಾಗಿದ್ದರೆ ಎಸೆದು ಹೊಸದು ಹಾಕಿ, ಅದು ಅಗ್ಗದ ವಸ್ತು. ಸ್ಪಾಂಜನ್ನು ಎಸೆಯಬೇಡಿ. ಬಕೆಟ್ಟಿನ ಟ್ಯಾಂಕ್ ನೀರಿನಲ್ಲೇ ನಾಲ್ಕೈದು ಸಲ ಹಿಂಡಿ. ನಲ್ಲಿ ಕೆಳಗೆ ಹಿಡಿಯಲೇಬೇಡಿ, ನಲ್ಲಿ ನೀರಿನ ಕ್ಲೋರಿನ್ ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ. ಪೂರ್ತಿ ಬೆಳ್ಳಗಾಗುವ ತನಕ ತಿಕ್ಕುವುದೂ ಬೇಡ.

ಸ್ಪಾಂಜ್, ಉಣ್ಣೆ ಎಲ್ಲ ತೆಗೆದು ಖಾಲಿ ಫಿಲ್ಟರನ್ನು ನೀರಿನಲ್ಲಿಟ್ಟು ಓಡಿಸಿ ನೋಡಿ. ಖಾಲಿ ಇದ್ದಾಗ ರಭಸ ಬಂದರೆ ಕೊಳೆಯೇ ಕಾರಣ. ಖಾಲಿ ಇದ್ದರೂ ಸಣ್ಣಗೇ ಬಂದರೆ ಪಂಪ್ ಅಥವಾ ಪೈಪ್. ಪೈಪಿನ ಒಳಗೆ ಲೋಳೆ ಕಟ್ಟಿರುವುದು ಯಾರ ಕಣ್ಣಿಗೂ ಬೀಳುವುದಿಲ್ಲ, ಉದ್ದದ ಬ್ರಶ್ ಹಾಕಿ ಎಳೆದರೆ ಕಪ್ಪು ಪಾಚಿ ಉಂಡೆಯುಂಡೆಯಾಗಿ ಬರುತ್ತದೆ.

ರಭಸ ಎಷ್ಟಿರಬೇಕು ಅನ್ನೋದನ್ನು ಕಣ್ಣಳತೆಯಲ್ಲಿ ಹೇಳಲು ಆಗುವುದಿಲ್ಲ, ಅಳೆಯಿರಿ. ಒಂದು ಲೀಟರಿನ ಜಗ್ಗು ಫಿಲ್ಟರಿನ ಬಾಯಿಗೆ ಹಿಡಿದು ಮೊಬೈಲಿನಲ್ಲಿ ಸೆಕೆಂಡ್ ಎಣಿಸಿ. 10 ಸೆಕೆಂಡಿಗೆ ತುಂಬಿದರೆ ಗಂಟೆಗೆ 360 ಲೀಟರ್. ದೊಡ್ಡ ಪಂಪಾದರೆ 10 ಲೀಟರಿನ ಬಕೆಟ್ ಹಿಡಿಯಿರಿ, ಒಂದು ನಿಮಿಷಕ್ಕೆ ತುಂಬಿದರೆ ಗಂಟೆಗೆ 600. ಇನ್ನು ಟ್ಯಾಂಕ್. ಅಡಿ ಲೆಕ್ಕದಲ್ಲಿ ಉದ್ದ, ಅಗಲ, ಎತ್ತರ ಗುಣಿಸಿ, ಬಂದದ್ದನ್ನು 28ರಿಂದ ಗುಣಿಸಿದರೆ ಸುಮಾರು ಲೀಟರ್ ಸಿಗುತ್ತದೆ. ಮೂರಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ಟ್ಯಾಂಕ್ ಸುಮಾರು 190 ಲೀಟರ್. ಕಲ್ಲು, ಮರಳು, ಮೇಲೆ ಬಿಟ್ಟ ಜಾಗ ಕಳೆದರೆ 160 ಅಂದುಕೊಳ್ಳಿ. ಗಂಟೆಗೆ ಅದರ ನಾಲ್ಕು ಪಟ್ಟು ನೀರು ತಿರುಗುತ್ತಿದ್ದರೆ ನನ್ನ ಲೆಕ್ಕದಲ್ಲಿ ಸಾಕು. ಗೋಲ್ಡ್‌ಫಿಶ್ ಇದ್ದರೆ ಇನ್ನೂ ಜಾಸ್ತಿ ಬೇಕು, ಅವು ಹೊಲಸು ಮಾಡುವುದೇ ಅಷ್ಟು. ಡಬ್ಬದ ಮೇಲೆ ಬರೆದ ಅಂಕಿಗೆ ಹೋಲಿಸಬೇಡಿ. ಅದು ಸಾಮಾನ್ಯವಾಗಿ ಒಳಗೆ ಸ್ಪಾಂಜ್ ಇಲ್ಲದೆ, ನೀರನ್ನು ಮೇಲಕ್ಕೆ ಏರಿಸದೆ ಅಳೆದದ್ದು. ಹೊಸದಾಗಿದ್ದಾಗಲೂ ನಿಮ್ಮ ಮನೆಯಲ್ಲಿ ಅಷ್ಟು ಬಂದಿರಲಿಕ್ಕಿಲ್ಲ.

ಗರಗರ ಸದ್ದು, ಅಥವಾ ಕರೆಂಟ್ ಹೋಗಿ ಬಂದರೆ ಶುರುವಾಗುವುದಿಲ್ಲ

ಈ ಎರಡನ್ನೂ ಒಟ್ಟಿಗೆ ಹೇಳುತ್ತೇನೆ, ಯಾಕೆಂದರೆ ಎರಡರ ಬೇರು ಒಂದೇ ಕಡೆ ಇರುತ್ತದೆ, ಇಂಪೆಲ್ಲರಿನಲ್ಲಿ.

ಫಿಲ್ಟರ್ ಆನ್ ಮಾಡಿದ ಹೊಸದರಲ್ಲಿ ಮಾತ್ರ ಗರಗರ ಅಂದು ಆಮೇಲೆ ಸುಮ್ಮನಾದರೆ ಒಳಗೆ ಸಿಕ್ಕಿದ ಗಾಳಿ, ಬಿಡಿ. ದಿನವಿಡೀ ಸದ್ದು ಇದ್ದರೆ ಬಿಚ್ಚಬೇಕು. ಪ್ಲಗ್ ಕಿತ್ತು, ಪಂಪಿನ ಮುಂದಿನ ಮುಚ್ಚಳವನ್ನು ತಿರುಗಿಸಿ ಅಥವಾ ಎಳೆದು ತೆಗೆಯಿರಿ. ಒಳಗೆ ಬೆರಳಿನ ಗಾತ್ರದ ಒಂದು ಅಯಸ್ಕಾಂತ, ಅದರ ತುದಿಗೆ ಪ್ಲಾಸ್ಟಿಕ್ ರೆಕ್ಕೆ. ಅದೇ ಇಂಪೆಲ್ಲರ್. ರೆಕ್ಕೆ ಹಿಡಿದು ಎಳೆದರೆ ಅಯಸ್ಕಾಂತದ ಹಿಡಿತ ಕೈಗೆ ಗೊತ್ತಾಗುತ್ತದೆ, ಆಮೇಲೆ ಸರಕ್ಕನೆ ಬರುತ್ತದೆ. ನಡುವೆ ತೂರಿದ ತೆಳು ಕಡ್ಡಿ ಸೆರಾಮಿಕ್ ಆಗಿದ್ದರೆ ಹುಷಾರು, ಅಡ್ಡ ಎಳೆದರೆ ಚಟ್ ಅಂತ ಮುರಿಯುತ್ತದೆ.

ಬೆಳಕಿಗೆ ಹಿಡಿದು ನೋಡಿ. ರೆಕ್ಕೆಗೆ ಗಿಡದ ಬೇರು ಅಥವಾ ತಲೆಕೂದಲು ಸುತ್ತಿದೆಯಾ? ಇಕ್ಕಳದಿಂದ ಬಿಡಿಸಿ. ಅಯಸ್ಕಾಂತದ ಮೈಮೇಲೆ ಲೋಳೆ ಇದ್ದರೆ ಹಳೆ ಹಲ್ಲುಜ್ಜುವ ಬ್ರಶ್ ಸಾಕು. ಬೆಳ್ಳಗೆ, ಒರಟಾಗಿ, ಉಗುರಿಗೆ ಸಿಕ್ಕದ ಪದರ ಇದ್ದರೆ ಅದು ಬೋರ್‌ವೆಲ್ ನೀರಿನ ಉಪ್ಪು. ಕೋಲಾರ, ಚಿಕ್ಕಬಳ್ಳಾಪುರದ ಕಡೆ ಗಡಸು ನೀರು ಹಾಕುವವರಿಗೆ ಇದರ ಪರಿಚಯ ಚೆನ್ನಾಗಿರುತ್ತದೆ, ಪಾತ್ರೆಯ ತಳದಲ್ಲಿ ಕೂರುವುದೂ ಇದೇ. ಇಂಪೆಲ್ಲರನ್ನು ಬಿಳಿ ವಿನೆಗರ್‌ಗೆ ಅಷ್ಟೇ ನೀರು ಬೆರೆಸಿ ಒಂದು ಗಂಟೆ ನೆನೆಹಾಕಿ. ವಿನೆಗರ್ ಇಲ್ಲದಿದ್ದರೆ ಒಂದು ಲೋಟ ಬಿಸಿನೀರಿಗೆ ಒಂದು ಚಮಚ ನಿಂಬೆಉಪ್ಪು (ಸಿಟ್ರಿಕ್ ಆಸಿಡ್). ನೊರೆ ಬಂದು ಪದರ ಸಡಿಲವಾಗುತ್ತದೆ, ಬ್ರಶ್ ಹಾಕಿ, ಚೆನ್ನಾಗಿ ತೊಳೆದು ಹಾಕಿ. ಇಂಪೆಲ್ಲರ್ ಕೂರುವ ಗುಂಡಿಯೊಳಗೂ ಇದೇ ಪದರ ಇರುತ್ತದೆ, ಅದನ್ನು ಹತ್ತಿ ಕಡ್ಡಿಯಿಂದ ತೆಗೆಯಿರಿ. ಬಾತ್‌ರೂಮ್ ತೊಳೆಯುವ ಆಸಿಡ್, ಬ್ಲೀಚಿಂಗ್ ಪೌಡರ್, ಸೋಪು ಯಾವುದೂ ಬೇಡ. ಬ್ಲೀಚಿಂಗಿನ ಜೊತೆ ವಿನೆಗರ್ ಸೇರಿದರೆ ವಿಷಗಾಳಿ ಏಳುತ್ತದೆ. ಸ್ಪಾಂಜ್, ರಿಂಗ್‌ಗಳನ್ನೂ ವಿನೆಗರ್‌ಗೆ ಹಾಕಬೇಡಿ.

ಇಷ್ಟು ಮಾಡಿದ ಮೇಲೂ ಸದ್ದು ಹೋಗದಿದ್ದರೆ ಸವೆತ ನೋಡಿ. ಇಂಪೆಲ್ಲರನ್ನು ಕಡ್ಡಿಗೆ ಪೋಣಿಸಿ ಅಲ್ಲಾಡಿಸಿದಾಗ ಲೊಡಲೊಡ ಅಂದರೆ ನಡುವಿನ ತೂತು ಅಗಲವಾಗಿದೆ. ಅಯಸ್ಕಾಂತದ ಮೇಲಿನ ಪ್ಲಾಸ್ಟಿಕ್ ಸಿಪ್ಪೆ ಸೀಳಿ ತುಕ್ಕಿನ ಬಣ್ಣ ಕಂಡರೆ ಅದು ಉಬ್ಬಿ ಗುಂಡಿಯ ಗೋಡೆಗೆ ಉಜ್ಜುತ್ತಿದೆ. ಎರಡಕ್ಕೂ ಔಷಧ ಇಂಪೆಲ್ಲರ್ ಬದಲಿಸುವುದೇ. ಗುಂಡಿಯ ಗೋಡೆಯೇ ಸವೆದು ಗೀರು ಬಿದ್ದಿದ್ದರೆ ಮಾತ್ರ ಹೊಸ ಇಂಪೆಲ್ಲರ್ ಹಾಕಿಯೂ ಉಪಯೋಗವಿಲ್ಲ.

ಕರೆಂಟ್ ಬಂದ ಮೇಲೆ ಬರೀ ಗುಂಯ್ ಅನ್ನುತ್ತದೆ, ತಿರುಗುವುದಿಲ್ಲ ಅನ್ನುವವರು ಇನ್ನೊಂದನ್ನೂ ನೋಡಬೇಕು. ವೋಲ್ಟೇಜ್. ಬೆಳಿಗ್ಗೆ ಸರಿ ಇದ್ದು ಸಂಜೆ ಮಾತ್ರ ಹೀಗಾದರೆ, ಅದೇ ಹೊತ್ತಿಗೆ ಫ್ಯಾನೂ ನಿಧಾನವಾಗಿದ್ದರೆ, ಫಿಲ್ಟರಿನ ದೋಷ ಹುಡುಕಿ ಪ್ರಯೋಜನವಿಲ್ಲ. ಹಳೆ ಇನ್ವರ್ಟರಿನಲ್ಲಿ ಓಡುವಾಗ ಮಾತ್ರ ಸದ್ದು ಮಾಡಿ ಬಿಸಿಯಾಗುತ್ತಿದ್ದರೂ ಹಾಗೇ, ಸೈನ್ ವೇವ್ ಅಲ್ಲದ (ಮನೆ ಕರೆಂಟಿನ ಹಾಗೆ ನಯವಾದ ಅಲೆ ಕೊಡದ) ಇನ್ವರ್ಟರಿನಲ್ಲಿ ಈ ಪಂಪುಗಳು ಹಾಗೆ ಆಡುತ್ತವೆ. ಕೈಯಲ್ಲಿ ಅಲ್ಲಾಡಿಸಿದರೆ ಶುರುವಾಗುತ್ತದೆ ಅಂತ ದಿನಾ ಅಲ್ಲಾಡಿಸಿ ಓಡಿಸುವವರಿದ್ದಾರೆ. ದಯವಿಟ್ಟು ಬೇಡ. ನೀವು ಊರಿಗೆ ಹೋಗಿದ್ದಾಗ ಕರೆಂಟ್ ಹೋಗಿ ಬಂದರೆ ಅಲ್ಲಾಡಿಸುವವರು ಯಾರು? ಶುಚಿ ಮಾಡಿ, ಇಂಪೆಲ್ಲರ್ ಬದಲಿಸಿ, ಆದರೂ ತಾನಾಗಿ ಶುರುವಾಗದಿದ್ದರೆ ಆ ಪಂಪನ್ನು ನಂಬಬೇಡಿ.

ನೀರು ಸೋರುತ್ತಿದೆ

ಟ್ಯಾಂಕಿನ ಮೇಲೆ ಕೂರುವ ಡಬ್ಬದ ಫಿಲ್ಟರ್ ಸೋರುತ್ತಿದ್ದರೆ ಹತ್ತಕ್ಕೆ ಎಂಟು ಸಲ ಅದು ಬಿರುಕಲ್ಲ. ಉಣ್ಣೆ ಕಟ್ಟಿಕೊಂಡು ನೀರು ಕೆಳಗಿಳಿಯದೆ ಅಂಚಿನ ಮೇಲಿಂದ ಹರಿಯುತ್ತಿರುತ್ತದೆ. ಉಣ್ಣೆ ಬದಲಿಸಿ, ಡಬ್ಬ ಸಮಮಟ್ಟದಲ್ಲಿ ಕೂತಿದೆಯಾ ನೋಡಿ.

ಟ್ಯಾಂಕಿನ ಕೆಳಗಿಡುವ ಮುಚ್ಚಿದ ಡಬ್ಬದ ಫಿಲ್ಟರ್, ಅಂದರೆ ಕ್ಯಾನಿಸ್ಟರ್ ಆದರೆ ಎಲ್ಲಿಂದ ಅನ್ನೋದನ್ನು ಮೊದಲು ಕಂಡುಹಿಡಿಯಬೇಕು. ಮೈಯೆಲ್ಲ ಒರೆಸಿ ಒಣಗಿಸಿ, ಒಣ ನ್ಯೂಸ್‌ಪೇಪರ್ ಮೇಲೆ ಕೂರಿಸಿ ಓಡಿಸಿ, ಕೀಲುಗಳಿಗೆ ಟಿಶ್ಯೂ ಸುತ್ತಿ. ಮೊದಲು ಒದ್ದೆಯಾಗುವ ಟಿಶ್ಯೂ ಜಾಗ ಹೇಳುತ್ತದೆ. ತಲೆ (ಮೋಟರ್ ಇರುವ ಮೇಲಿನ ಭಾಗ) ಮತ್ತು ಡಬ್ಬ ಸೇರುವಲ್ಲಿ ಆದರೆ ಅದು ಓ-ರಿಂಗ್, ಅಂದರೆ ನಡುವೆ ಕೂರುವ ರಬ್ಬರ್ ಬಳೆ. ತೆಗೆದು ಒರೆಸಿ, ಒಂದು ಮರಳಿನ ಕಣ ಇದ್ದರೂ ಸೋರುತ್ತದೆ. ಬೆರಳಲ್ಲಿ ಬಗ್ಗಿಸಿದಾಗ ಸಣ್ಣ ಸೀಳುಗಳು ಬಾಯಿ ತೆರೆದರೆ, ಅಥವಾ ಚಪ್ಪಟೆಯಾಗಿ ಗಟ್ಟಿಯಾಗಿದ್ದರೆ, ಹೊಸದು ಹಾಕಿ. ಚೆನ್ನಾಗಿದ್ದರೆ ಸಿಲಿಕೋನ್ ಗ್ರೀಸ್ ತೆಳ್ಳಗೆ ಸವರಿ. ಪೆಟ್ರೋಲಿಯಂ ಜೆಲ್ಲಿ, ಕೊಬ್ಬರಿ ಎಣ್ಣೆ ಬೇಡ, ಕೆಲವು ಬಗೆಯ ರಬ್ಬರ್ ಅದರಿಂದ ಉಬ್ಬಿ ಮೆತ್ತಗಾಗುತ್ತದೆ. ಪೈಪಿನ ಕೀಲಿನಲ್ಲಾದರೆ ಗಡುಸಾದ ತುದಿಯನ್ನು ಒಂದು ಇಂಚು ಕತ್ತರಿಸಿ ಮತ್ತೆ ಸಿಕ್ಕಿಸಿ ಕ್ಲಿಪ್ ಬಿಗಿಮಾಡಿ.

ಡಬ್ಬದ ಮೈಯಲ್ಲೇ ಬಿರುಕು, ಅಥವಾ ತಲೆಯನ್ನು ಹಿಡಿದಿಡುವ ಕ್ಲಿಪ್ಪಿನ ಬುಡ ಮುರಿದಿದ್ದರೆ ಅಂಟು ಹಾಕಲು ಹೋಗಬೇಡಿ. ಕ್ಯಾನಿಸ್ಟರಿಗೆ ಟ್ಯಾಂಕಿನ ನೀರು ಮೇಲಿಂದ ಒತ್ತುತ್ತಿರುತ್ತದೆ. ರಾತ್ರಿ ಅಂಟು ಬಿಟ್ಟರೆ ಟ್ಯಾಂಕಿನ ನೀರು ಹೀರುಪೈಪಿನ ಬಾಯಿ ಇರುವ ಮಟ್ಟದ ತನಕ ನೆಲಕ್ಕೆ ಬರುತ್ತದೆ. ಇಲ್ಲಿ ರಿಪೇರಿ ಪ್ರಶ್ನೆಯೇ ಇಲ್ಲ.

ಗುಳ್ಳೆ ಕಡಿಮೆಯಾಗಿದೆ

ಸ್ಪಾಂಜ್ ಫಿಲ್ಟರ್ ಮತ್ತು ಏರ್ ಪಂಪ್ ಇಟ್ಟವರಿಗೆ ಇದು. ಪಂಪಿನ ಬಾಯಿಂದ ಟ್ಯೂಬ್ ಕಿತ್ತು ಒದ್ದೆ ಬೆರಳು ಹಿಡಿಯಿರಿ. ಗಾಳಿ ಜೋರಾಗಿ ಬಂದರೆ ಪಂಪ್ ಚೆನ್ನಾಗಿದೆ, ಟ್ಯೂಬ್, ಏರ್ ಸ್ಟೋನ್ ಅಥವಾ ಒಂದೇ ದಿಕ್ಕಿಗೆ ಗಾಳಿ ಬಿಡುವ ಸಣ್ಣ ವಾಲ್ವ್ ಕಟ್ಟಿದೆ. ಸ್ಟೋನ್ ಅಗ್ಗ, ಬದಲಿಸಿಬಿಡಿ. ಗಾಳಿ ಸಣ್ಣಗೆ ಬಂದರೆ ಪಂಪಿನ ತಳದಲ್ಲಿ ಗಾಳಿ ಸೋಸಲು ಒಂದು ಬಟ್ಟೆಯ ತುಂಡು ಇರುತ್ತದೆ, ಧೂಳು ತುಂಬಿದ್ದರೆ ಅದನ್ನು ತೊಳೆಯಿರಿ. ಅದೂ ಅಲ್ಲದಿದ್ದರೆ ಪ್ಲಗ್ ಕಿತ್ತು, ತಳದ ಸ್ಕ್ರೂ ಬಿಚ್ಚಿ. ಒಳಗೆ ಕಪ್ಪು ರಬ್ಬರಿನ ಬಟ್ಟಲು ಕಾಣುತ್ತದೆ, ಅದೇ ಡಯಾಫ್ರಮ್. ಅದರಲ್ಲಿ ಸೀಳು ಬಿದ್ದಿರುತ್ತದೆ. ಸರಿಯಾದ ಅಳತೆಯ ರಬ್ಬರ್ ಸಿಕ್ಕರೆ ಪಂಪ್ ಮತ್ತೆ ಹೊಸದೇ. ಸಿಗದಿದ್ದರೆ ಸಣ್ಣ ಏರ್ ಪಂಪಿಗಾಗಿ ಅಂಗಡಿ ಅಂಗಡಿ ಅಲೆಯುವುದು ಬೇಡ, ಹೊಸ ಪಂಪ್ ತನ್ನಿ. ಇಲ್ಲಿ ಬ್ಯಾಕ್ಟೀರಿಯಾ ಇರುವುದು ಸ್ಪಾಂಜಿನಲ್ಲಿ, ಪಂಪ್ ಬದಲಿಸಿದರೆ ಅದಕ್ಕೇನೂ ಆಗುವುದಿಲ್ಲ. ಹೊಸದನ್ನು ನೀರಿನ ಮಟ್ಟಕ್ಕಿಂತ ಮೇಲೆ ಇಡಿ, ಇಲ್ಲವೇ ವಾಲ್ವ್ ಹಾಕಿ. ಕರೆಂಟ್ ಹೋದಾಗ ಟ್ಯೂಬಿನ ಮೂಲಕ ನೀರು ಹಿಂದಕ್ಕೆ ಬಂದು ಪಂಪಿನೊಳಗೆ ಇಳಿಯಬಾರದು.

ಫಿಲ್ಟರ್ ಓಡುತ್ತಿದೆ, ನೀರು ಮಾತ್ರ ಸರಿಯಿಲ್ಲ

ಇಲ್ಲಿ ಹೊಸ ಫಿಲ್ಟರಿಗೆ ದುಡ್ಡು ಹಾಕುವುದು ಬಹಳಷ್ಟು ಸಲ ದಂಡ. ನೀರು ಹಸಿರಾಗಿದ್ದರೆ ಬೆಳಕು ಜಾಸ್ತಿಯಾಗಿದೆ, ಕಿಟಕಿಯ ಬಿಸಿಲು ತಪ್ಪಿಸಿ. ಚಹಾದ ಬಣ್ಣ ಬಂದಿದ್ದರೆ ಒಳಗಿಟ್ಟ ಮರದ ಕೊರಡಿನದ್ದು. ಬಿಳಿ ಮಂಜು ಕವಿದ ಹಾಗಿದ್ದರೆ ಬ್ಯಾಕ್ಟೀರಿಯಾದ ಸಮತೋಲ ತಪ್ಪಿದೆ, ಹಿಂದಿನ ವಾರ ಯಾರೋ ಫಿಲ್ಟರನ್ನು ನಲ್ಲಿ ನೀರಲ್ಲಿ ಸ್ವಚ್ಛವಾಗಿ ತೊಳೆದಿದ್ದಾರಾ ಕೇಳಿ. ಅಮೋನಿಯಾ, ನೈಟ್ರೈಟ್ ಅಳೆಯುವ ಹನಿ ಟೆಸ್ಟ್ ಕಿಟ್ ಒಂದು ಮನೆಯಲ್ಲಿರಲಿ. ಎರಡೂ ಸೊನ್ನೆ ಇರಬೇಕು. ಸೊನ್ನೆ ಇಲ್ಲದಿದ್ದರೆ ಕ್ಲೋರಿನ್ ತೆಗೆದ ನೀರಿನಿಂದ ಕಾಲುಭಾಗ ಬದಲಿಸಿ, ಆಹಾರ ಕಡಿಮೆ ಮಾಡಿ, ಮರುದಿನ ಮತ್ತೆ ಅಳೆಯಿರಿ.

ಮೀನುಗಳು ಮೇಲ್ಮೈಗೆ ಬಂದು ಬಾಯಿ ಆಡಿಸುತ್ತಿದ್ದರೆ ಫಿಲ್ಟರ್ ಬಿಚ್ಚಿಕೊಂಡು ಕೂರಬೇಡಿ. ಮೊದಲು ಏರ್ ಸ್ಟೋನ್ ಬಿಡಿ, ನೀರು ಬದಲಿಸಿ. ದೋಷ ಆಮೇಲೆ ಹುಡುಕಬಹುದು.

ಕ್ಯಾನಿಸ್ಟರ್ ಇಟ್ಟವರಿಗೆ ಒಂದು ಮಾತು. ಕರೆಂಟ್ ಇಲ್ಲದೆ ಮುಚ್ಚಿದ ಡಬ್ಬ ಗಂಟೆಗಟ್ಟಲೆ ನಿಂತರೆ ಒಳಗಿನ ಆಮ್ಲಜನಕ ಮುಗಿದು ಬ್ಯಾಕ್ಟೀರಿಯಾ ಸಾಯತೊಡಗುತ್ತದೆ. ರಾತ್ರಿಯಿಡೀ ನಿಂತಿದ್ದರೆ ಹಾಗೇ ಆನ್ ಮಾಡಬೇಡಿ. ಕೊಳೆತ ಮೊಟ್ಟೆಯ ವಾಸನೆಯ ಆ ನೀರು ನೇರ ಟ್ಯಾಂಕಿಗೆ ಬರುತ್ತದೆ. ಡಬ್ಬ ಬಿಚ್ಚಿ, ಆ ನೀರು ಚೆಲ್ಲಿ, ರಿಂಗ್‌ಗಳನ್ನು ಟ್ಯಾಂಕ್ ನೀರಲ್ಲಿ ಅಲುಬಿ, ಆಮೇಲೆ ಓಡಿಸಿ.

ಜುಮ್ ಅನ್ನುತ್ತದೆ, ಸುಟ್ಟ ವಾಸನೆ, ಪ್ಲಗ್ ಕಪ್ಪಾಗಿದೆ

ಇಲ್ಲಿ ನಿಲ್ಲಿಸಿ. ನೀರಿಗೆ ಕೈ ಇಟ್ಟಾಗ ಸಣ್ಣಗೆ ಜುಮ್ ಅಂದರೂ ಕೈ ತೆಗೆದು, ನೇರ ಮೇನ್ ಸ್ವಿಚ್ ಆಫ್ ಮಾಡಿ, ಆಮೇಲೆ ಒಣಗಿದ ಕೈಯಲ್ಲಿ ಪ್ಲಗ್ ಕೀಳಿ. ಟೆಸ್ಟರ್ ಹಿಡಿದು ಪರೀಕ್ಷೆ ಮಾಡುತ್ತಾ ಕೂರಬೇಡಿ, ಟೆಸ್ಟರ್ ಹೊತ್ತಿಕೊಳ್ಳದಿದ್ದರೆ ಅಪಾಯವಿಲ್ಲ ಅಂತ ಅರ್ಥವಲ್ಲ. ಎಲೆಕ್ಟ್ರಿಷಿಯನ್‌ನ ಕರೆಸಿ ಅರ್ಥಿಂಗ್ ನೋಡಿಸಿ, ಹೀಟರನ್ನೂ ಬಿಡದೆ ಒಂದೊಂದನ್ನೂ ಪರೀಕ್ಷೆ ಮಾಡಿಸಿ. ಕರೆಂಟ್ ಬಿಡುತ್ತಿರುವ ಪಂಪನ್ನು ಎಸೆಯುವ ಮುಂಚೆ ವೈರ್ ಕತ್ತರಿಸಿ, ಇನ್ಯಾರೋ ತೆಗೆದುಕೊಂಡು ಹೋಗಿ ಹಾಕಬಾರದು.

ನೀರಿನಲ್ಲಿ ಮುಳುಗುವ ಪಂಪಿನ ಸುರುಳಿ ಗಟ್ಟಿ ರೆಸಿನ್ ಒಳಗೆ ಹುದುಗಿರುತ್ತದೆ. ಅದನ್ನು ಬಿಚ್ಚಲು ಆಗುವುದಿಲ್ಲ, ರಿವೈಂಡಿಂಗ್ ಅಂಗಡಿಗೆ ಒಯ್ದರೂ ಆಗುವುದಿಲ್ಲ. ವೈರ್ ಬಿರುಕು ಬಿಟ್ಟಿದ್ದರೆ, ಪಂಪಿನ ಮೈ ಸೀಳಿದ್ದರೆ, ಇಲಿ ಕಚ್ಚಿದ್ದರೆ ಟೇಪ್ ಸುತ್ತಿ ನೀರಿಗೆ ಬಿಡುವ ಯೋಚನೆ ಬೇಡವೇ ಬೇಡ. ಓಡುವ ಪಂಪ್ ಬೆಚ್ಚಗಿರುವುದು ಸಹಜ, ಆದರೆ ಪ್ಲಗ್ ಕಿತ್ತು ಮುಟ್ಟಿದಾಗ ಕೈ ಇಡಲಾರದಷ್ಟು ಬಿಸಿ ಇದ್ದರೆ ಅದರ ಕಾಲ ಮುಗಿದಿದೆ.

ಹಾಗಾದರೆ ಯಾವಾಗ ಹೊಸದು?

ವಯಸ್ಸು ನೋಡಿ ತೀರ್ಮಾನ ಮಾಡಬೇಡಿ. ಎಂಟು ವರ್ಷದ ಪಂಪಿಗೆ ಇಂಪೆಲ್ಲರ್ ಸಿಗುತ್ತದೆ ಅಂದರೆ ಅದು ಇನ್ನೂ ಓಡಬಹುದು, ಎರಡು ವರ್ಷದ ಹೆಸರಿಲ್ಲದ ಪಂಪಿಗೆ ಬಿಡಿಭಾಗವೇ ಇಲ್ಲ ಅಂದರೆ ಅದು ಅಲ್ಲಿಗೇ ಮುಗಿಯಿತು. ನಾನು ಹಾಕಿಕೊಂಡ ಗೆರೆ ಇಷ್ಟು: ಇಂಪೆಲ್ಲರ್, ಕಡ್ಡಿ, ಓ-ರಿಂಗ್, ಪೈಪ್, ಡಯಾಫ್ರಮ್ ಹೋದರೆ ರಿಪೇರಿ. ವೈರ್, ಮೋಟರ್, ಡಬ್ಬದ ಮೈ ಹೋದರೆ ಹೊಸದು. ಬಿಡಿಭಾಗಗಳೆಲ್ಲ ಸೇರಿ ಹೊಸದರ ಅರ್ಧ ಬೆಲೆ ದಾಟಿದರೂ ಹೊಸದೇ. ಕರೆಂಟ್ ಬಿಲ್ಲಿನ ನೆಪದಲ್ಲಿ ಬದಲಿಸುವವರು ಮೊದಲು ಲೆಕ್ಕ ಹಾಕಿ. 20 ವ್ಯಾಟಿನ ಪಂಪ್ ದಿನಪೂರ್ತಿ ಓಡಿದರೆ 30 ದಿನಕ್ಕೆ 14.4 ಯೂನಿಟ್. 10 ವ್ಯಾಟಿನದು ತಂದರೆ ಉಳಿಯುವುದು ತಿಂಗಳಿಗೆ ಏಳು ಯೂನಿಟ್ಟಷ್ಟೇ.

ಹೊಸದು ತಂದಿರಾ? ಹಳೆಯದು ಇನ್ನೂ ಓಡುತ್ತಿದ್ದರೆ ಎರಡನ್ನೂ ಒಟ್ಟಿಗೆ ನಾಲ್ಕರಿಂದ ಆರು ವಾರ ಓಡಿಸಿ, ಆಮೇಲೆ ಹಳೆಯದನ್ನು ತೆಗೆಯಿರಿ. ಹಳೆಯದು ಪೂರ್ತಿ ಸತ್ತಿದ್ದರೆ ಅದರ ಸ್ಪಾಂಜನ್ನು ಕತ್ತರಿಸಿ ಹೊಸದರೊಳಗೆ ತುರುಕಿ, ರಿಂಗ್‌ಗಳನ್ನೂ ಹಾಕಿ. ಅಳತೆ ಹೊಂದದಿದ್ದರೆ ತೆಳು ಬಲೆಯ ಚೀಲದಲ್ಲಿ ಕಟ್ಟಿ ಹೊಸ ಫಿಲ್ಟರಿನ ನೀರು ಬೀಳುವ ಜಾಗದಲ್ಲೇ ತೂಗುಬಿಡಿ. ಹೊಸ ಫಿಲ್ಟರ್ ಅಂಗಡಿಯಿಂದ ಬರುವ ತನಕವೂ ಇವು ಒಣಗಬಾರದು, ಟ್ಯಾಂಕಿನಲ್ಲೇ ಏರ್ ಸ್ಟೋನ್ ಪಕ್ಕ ಇರಲಿ. ಮೊದಲ ಎರಡು ವಾರ ಆಹಾರ ಅರ್ಧ ಮಾಡಿ, ಹೊಸ ಮೀನು ತರಬೇಡಿ, ಅಮೋನಿಯಾ ಮತ್ತು ನೈಟ್ರೈಟ್ ದಿನಾ ಅಳೆಯಿರಿ. ಹಳೆ ಪಂಪಿನ ಇಂಪೆಲ್ಲರ್, ಗಾಜಿಗೆ ಅಂಟಿಸುವ ರಬ್ಬರ್ ಕಪ್‌ಗಳು, ಪೈಪ್ ಚೆನ್ನಾಗಿದ್ದರೆ ಒಂದು ಡಬ್ಬದಲ್ಲಿ ಹಾಕಿಡಿ, ಅದೇ ಮಾಡೆಲ್ ಇಟ್ಟುಕೊಂಡಿರುವ ಪಕ್ಕದ ಬೀದಿಯವರಿಗಾದರೂ ಆಗುತ್ತದೆ.